ಪೈಥಾನ್ ಇಂಪೋರ್ಟ್ ಕೈಕೊಟ್ಟಾಗ: ಯಾವ ಫೈಲ್ ಬಂತು, ಎಷ್ಟು ಸಲ ಓಡಿತು?

ಓದುಗರಿಂದ ಮತ್ತೆ ಮತ್ತೆ ಬರುವ ದೂರುಗಳಿವು. ಫೈಲ್ ಕಣ್ಣೆದುರೇ ಇದೆ, ಆದರೂ ಮಾಡ್ಯೂಲ್ ಸಿಗಲಿಲ್ಲ ಎನ್ನುತ್ತದೆ. ಪಿಪ್‌ನಿಂದ (ಹೊರಗಿನ ಪ್ಯಾಕೇಜ್‌ಗಳನ್ನು ತಂದು ಹಾಕುವ ಸಾಧನ) ಹಾಕಿದ್ದಾಗಿದೆ, ಆದರೂ ಇಲ್ಲ ಎನ್ನುತ್ತದೆ. ಎಡಿಟರ್‌ನಲ್ಲಿ ಓಡುವುದು ಟರ್ಮಿನಲ್‌ನಲ್ಲಿ ಓಡುವುದಿಲ್ಲ. ಕೋಡ್ ತಿದ್ದಿದರೂ ಹಳೆಯದೇ ಓಡುತ್ತಿದೆ. ನೋಡಲು ಬೇರೆ ಬೇರೆ ರೋಗಗಳು, ಆದರೆ ನಾಡಿ ಹಿಡಿಯಲು ಎರಡೇ ಪ್ರಶ್ನೆ ಸಾಕು: ಪೈಥಾನ್ ಎತ್ತಿಕೊಂಡದ್ದು ಯಾವ ಫೈಲನ್ನು? ಆ ಫೈಲ್ ಎಷ್ಟು ಸಲ, ಯಾವ ಹೆಸರಿನಲ್ಲಿ ಓಡಿತು? ಮುಂದಿನ ಹಂತಗಳೆಲ್ಲ ಈ ಎರಡಕ್ಕೆ ಉತ್ತರ ಹುಡುಕುವ ದಾರಿಗಳು.

ಬೇಕಾದದ್ದು ಕಡಿಮೆ. ಪೈಥಾನ್ 3.8 ಅಥವಾ ಅದಕ್ಕಿಂತ ಹೊಸದು (ಅದಕ್ಕಿಂತ ಹಳೆಯದರಲ್ಲಿ ಎರರ್ ಸಂದೇಶಗಳು ಇಷ್ಟು ವಿವರ ಕೊಡುವುದಿಲ್ಲ), ಒಂದು ಟರ್ಮಿನಲ್, ಮತ್ತು ಟ್ರೇಸ್‌ಬ್ಯಾಕ್‌ನ ಪೂರ್ತಿ ಪಠ್ಯ. ಟ್ರೇಸ್‌ಬ್ಯಾಕ್ ಅಂದರೆ ತಪ್ಪು ಸಂಭವಿಸುವಾಗ ಯಾವ ಫೈಲಿನ ಯಾವ ಸಾಲು ಯಾವುದನ್ನು ಕರೆದಿತ್ತು ಎಂಬ ಪಟ್ಟಿ. ಹೆಚ್ಚಿನವರು ಅದರ ಕೊನೆಯ ಸಾಲನ್ನಷ್ಟೇ ಓದಿ ಮೇಲಿನದನ್ನು ಬಿಡುತ್ತಾರೆ. ಇಂಪೋರ್ಟ್ ತೊಂದರೆಯಲ್ಲಿ ಸುಳಿವು ಇರುವುದು ಮೇಲಿನ ಸಾಲುಗಳ ಫೈಲ್ ವಿಳಾಸಗಳಲ್ಲೇ.

ಇಲ್ಲಿ ಆಜ್ಞೆಗಳನ್ನೂ ಕೋಡನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ನೀವು ಟೈಪ್ ಮಾಡುವಾಗ ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಮಾಡ್ಯೂಲ್ ಅಂದರೆ ಸಾಮಾನ್ಯವಾಗಿ ಒಂದು .ಪೈ ಫೈಲ್, ಪ್ಯಾಕೇಜ್ ಅಂದರೆ ಮಾಡ್ಯೂಲ್‌ಗಳನ್ನು ಇಟ್ಟ ಫೋಲ್ಡರ್, ಇಂಪೋರ್ಟ್ ಅಂದರೆ ಅವುಗಳಲ್ಲಿರುವ ಕೋಡನ್ನು ನಿಮ್ಮ ಫೈಲಿಗೆ ತಂದುಕೊಳ್ಳುವುದು.

ಹಂತ 1: ಇಂಪೋರ್ಟ್ ಎಂದಾಗ ಒಳಗೆ ನಡೆಯುವುದೇನು

ಒಂದು ಇಂಪೋರ್ಟ್ ಸಾಲು ಕಂಡಾಗ ಪೈಥಾನ್ ಮೊದಲು ತನ್ನ ಹಾಜರಿ ಪುಸ್ತಕ ನೋಡುತ್ತದೆ. ಅದರ ಹೆಸರು ಸಿಸ್.ಮಾಡ್ಯೂಲ್ಸ್. ಈ ಪ್ರೋಗ್ರಾಂ ಶುರುವಾದ ಮೇಲೆ ಲೋಡ್ ಆದ ಪ್ರತಿ ಮಾಡ್ಯೂಲ್ ಅದರಲ್ಲಿ ಹೆಸರಿನ ಸಮೇತ ಇರುತ್ತದೆ. ಕೇಳಿದ ಹೆಸರು ಅಲ್ಲಿದ್ದರೆ ಅದನ್ನೇ ಕೊಟ್ಟು ಮುಗಿಸುತ್ತದೆ, ಡಿಸ್ಕ್ ಮುಟ್ಟುವುದೇ ಇಲ್ಲ.

ಇಲ್ಲದಿದ್ದರೆ ಹುಡುಕಾಟ. ಮೊದಲು ಇಂಟರ್‌ಪ್ರಿಟರ್‌ನೊಳಗೇ (ಕೋಡನ್ನು ಓದಿ ಓಡಿಸುವ ಪೈಥಾನ್ ಪ್ರೋಗ್ರಾಂ) ಬೆಸೆದುಕೊಂಡಿರುವ ಮಾಡ್ಯೂಲ್‌ಗಳು, ಆಮೇಲೆ ಸಿಸ್.ಪಾತ್ ಎಂಬ ಪಟ್ಟಿಯಲ್ಲಿರುವ ಫೋಲ್ಡರ್‌ಗಳು, ಮೇಲಿನಿಂದ ಕೆಳಗೆ ಒಂದೊಂದಾಗಿ. ಈ ಪಟ್ಟಿಯ ಮೊದಲ ಸ್ಥಾನ ನೀವು ಪ್ರೋಗ್ರಾಂ ಓಡಿಸಿದ ರೀತಿಯ ಮೇಲೆ ನಿಂತಿದೆ. ನಂತರ ಪೈಥಾನ್‌ಪಾತ್ ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್‌ನಲ್ಲಿರುವ ಫೋಲ್ಡರ್‌ಗಳು, ಆಮೇಲೆ ಪೈಥಾನ್ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿ, ಕೊನೆಗೆ ಪಿಪ್ ತಂದು ಸುರಿಯುವ ಸೈಟ್-ಪ್ಯಾಕೇಜಸ್.

ಸಿಕ್ಕ ಮೇಲೆ ಒಂದು ಖಾಲಿ ಮಾಡ್ಯೂಲ್ ಸೃಷ್ಟಿಸಿ, ಅದನ್ನು ಹಾಜರಿ ಪುಸ್ತಕದಲ್ಲಿ ಬರೆದು, ಆಮೇಲೆ ಫೈಲನ್ನು ಮೊದಲ ಸಾಲಿನಿಂದ ಓಡಿಸುತ್ತದೆ. ಈ ಕ್ರಮ ನೆನಪಿರಲಿ: ಹೆಸರು ಬರೆಯುವುದು ಮೊದಲು, ಓಡಿಸುವುದು ಆಮೇಲೆ. ಹಂತ 6ರ ತಾಪತ್ರಯವೆಲ್ಲ ಇದರಿಂದಲೇ ಹುಟ್ಟುತ್ತದೆ.

ಹಂತ 2: ಓಡುತ್ತಿರುವುದು ಯಾವ ಪೈಥಾನ್?

ಪಿಪ್‌ನಿಂದ ಹಾಕಿಯೂ ಮಾಡ್ಯೂಲ್‌ನಾಟ್‌ಫೌಂಡ್‌ಎರರ್ ಬಂದರೆ ಬೇರೇನನ್ನೂ ಮುಟ್ಟುವ ಮುನ್ನ ಇದನ್ನು ಓಡಿಸಿ:

ಇಂಪೋರ್ಟ್ ಸಿಸ್
ಪ್ರಿಂಟ್(ಸಿಸ್.ಎಕ್ಸಿಕ್ಯೂಟಬಲ್)

ಆಮೇಲೆ ಟರ್ಮಿನಲ್‌ನಲ್ಲಿ:

ಪಿಪ್ --ವರ್ಷನ್

ಮೊದಲನೆಯದು ಈ ಕೋಡನ್ನು ಓಡಿಸುತ್ತಿರುವ ಪೈಥಾನ್‌ನ ವಿಳಾಸ ಹೇಳುತ್ತದೆ. ಎರಡನೆಯದು ಪಿಪ್ ಯಾವ ಪೈಥಾನ್‌ಗೆ ಸೇರಿದ್ದು ಎಂದು ಹೇಳುತ್ತದೆ. ಎರಡೂ ಒಂದೇ ಕಡೆಗೆ ಬೆರಳು ತೋರದಿದ್ದರೆ ಕಾರಣ ಸಿಕ್ಕಿತು: ನೀವು ಒಂದು ಮನೆಗೆ ಸಾಮಾನು ತಂದಿಟ್ಟು ಇನ್ನೊಂದು ಮನೆಯಲ್ಲಿ ಹುಡುಕುತ್ತಿದ್ದೀರಿ. ಒಂದೇ ಕಂಪ್ಯೂಟರ್‌ನಲ್ಲಿ ಮೂರು ನಾಲ್ಕು ಪೈಥಾನ್ ಇರುವುದು ಈಗ ಸಾಮಾನ್ಯ.

ಪರಿಹಾರ ಒಂದು ಅಭ್ಯಾಸ. ಬರಿ ಪಿಪ್ ಇನ್‌ಸ್ಟಾಲ್ ಎನ್ನದೆ ಯಾವಾಗಲೂ ಹೀಗೆ ಬರೆಯಿರಿ:

ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಪ್ಯಾಕೇಜ್‌ಹೆಸರು

ಹೀಗಾದಾಗ ಯಾವ ಪೈಥಾನ್ ಓಡುತ್ತದೋ ಅದಕ್ಕೇ ಪ್ಯಾಕೇಜ್ ಸೇರುತ್ತದೆ. ವಿಂಡೋಸ್‌ನಲ್ಲಿ ಪೈಥಾನ್ ಬದಲಿಗೆ ಪೈ ಎಂಬ ಲಾಂಚರ್ ಬಳಸುವವರು ಪ್ರೋಗ್ರಾಂ ಓಡಿಸುವಾಗಲೂ ಅದನ್ನೇ ಬಳಸಬೇಕು. ಜುಪಿಟರ್ ನೋಟ್‌ಬುಕ್‌ನಲ್ಲಿದ್ದರೆ ಸೆಲ್‌ನೊಳಗೆ %ಪಿಪ್ ಇನ್‌ಸ್ಟಾಲ್ ಎಂದು ಬರೆಯಿರಿ. ನೋಟ್‌ಬುಕ್‌ನ ಕರ್ನೆಲ್, ಅಂದರೆ ಸೆಲ್‌ಗಳನ್ನು ಓಡಿಸುವ ಪೈಥಾನ್, ನಿಮ್ಮ ಟರ್ಮಿನಲ್‌ನದ್ದೇ ಆಗಿರಬೇಕೆಂದಿಲ್ಲ.

ಪ್ರತಿ ಪ್ರಾಜೆಕ್ಟ್‌ಗೂ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ. ಅದು ಆ ಪ್ರಾಜೆಕ್ಟ್‌ಗೆ ಮಾತ್ರ ಸೇರಿದ ಪ್ರತ್ಯೇಕ ಸೈಟ್-ಪ್ಯಾಕೇಜಸ್ ಇರುವ ಫೋಲ್ಡರ್. ಪೈಥಾನ್ -ಎಂ ವೆನ್ವ್ .ವೆನ್ವ್ ಎಂದರೆ ತಯಾರಾಗುತ್ತದೆ. ಆ ಫೋಲ್ಡರನ್ನು ಬೇರೆ ಕಡೆಗೆ ಸರಿಸಬೇಡಿ, ಹೆಸರನ್ನೂ ಬದಲಿಸಬೇಡಿ. ಅದರೊಳಗಿನ ಪಿಪ್ ಮುಂತಾದ ಸ್ಕ್ರಿಪ್ಟ್‌ಗಳಲ್ಲಿ ಹಳೆಯ ಪೂರ್ಣ ವಿಳಾಸ ಬರೆದಿರುತ್ತದೆ. ಸರಿಸಬೇಕಾದರೆ ಅಳಿಸಿ ಹೊಸದಾಗಿ ಮಾಡುವುದೇ ವಾಸಿ.

ಇನ್ನೊಂದು ಚಿಕ್ಕ ಗುಂಡಿ: ಪಿಪ್‌ಗೆ ಕೊಡುವ ಹೆಸರೇ ಇಂಪೋರ್ಟ್ ಹೆಸರು ಆಗಿರಬೇಕೆಂಬ ನಿಯಮವಿಲ್ಲ. ಪಿಲ್ಲೋ ಹಾಕಿದರೆ ಇಂಪೋರ್ಟ್ ಮಾಡುವುದು ಪಿಐಎಲ್, ಪೈಯಾಮೆಲ್ ಹಾಕಿದರೆ ಯಾಮೆಲ್, ಓಪನ್‌ಸಿವಿ-ಪೈಥಾನ್ ಹಾಕಿದರೆ ಸಿವಿ2, ಬ್ಯೂಟಿಫುಲ್‌ಸೂಪ್4 ಹಾಕಿದರೆ ಬಿಎಸ್4, ಸೈಕಿಟ್-ಲರ್ನ್ ಹಾಕಿದರೆ ಎಸ್‌ಕೆಲರ್ನ್. ಎರರ್‌ನಲ್ಲಿ ಕಂಡ ಹೆಸರನ್ನೇ ಊಹೆಯ ಮೇಲೆ ಪಿಪ್‌ಗೆ ಕೊಡಬೇಡಿ. ಹತ್ತಿರದ ಹೆಸರಿನಲ್ಲಿ ದುರುದ್ದೇಶದ ಪ್ಯಾಕೇಜ್ ಏರಿಸುವವರಿದ್ದಾರೆ. ಆಯಾ ಲೈಬ್ರರಿಯ ದಾಖಲೆ ಪುಟ ನೋಡಿಯೇ ಹಾಕಿ.

ಹಂತ 3: ಬಂದದ್ದು ನೀವು ಬಯಸಿದ ಫೈಲೇ?

ಇದು ಹೊಸಬರಿಗೂ ಹಳಬರಿಗೂ ಸಮಾನವಾಗಿ ಕಚ್ಚುವ ತೊಂದರೆ. ಯಾದೃಚ್ಛಿಕ ಸಂಖ್ಯೆಗಳನ್ನು ಕಲಿಯಲು ಒಂದು ಫೈಲ್ ಮಾಡಿ ಅದಕ್ಕೆ ರ್ಯಾಂಡಮ್.ಪೈ ಎಂದು ಹೆಸರಿಟ್ಟಿರಿ ಅಂದುಕೊಳ್ಳಿ. ಒಳಗೆ ಇಂಪೋರ್ಟ್ ರ್ಯಾಂಡಮ್ ಎಂದು ಬರೆದಿರಿ. ಸ್ಕ್ರಿಪ್ಟ್ ಇರುವ ಫೋಲ್ಡರ್ ಸಿಸ್.ಪಾತ್‌ನಲ್ಲಿ ಮೊದಲನೆಯದು, ಸ್ಟ್ಯಾಂಡರ್ಡ್ ಲೈಬ್ರರಿ ಅದರ ಹಿಂದೆ. ಹೀಗಾಗಿ ಪೈಥಾನ್‌ಗೆ ಸಿಗುವುದು ನಿಮ್ಮದೇ ಫೈಲ್. ಅದರಲ್ಲಿ ರ್ಯಾಂಡ್‌ಇಂಟ್ ಇಲ್ಲ, ಆಟ್ರಿಬ್ಯೂಟ್‌ಎರರ್ ಬೀಳುತ್ತದೆ. 3.8ರಿಂದ ಈ ಸಂದೇಶದಲ್ಲಿ "ಪಾರ್ಷಿಯಲಿ ಇನಿಷಿಯಲೈಜ್ಡ್" ಎಂಬ ಮಾತೂ ಸುತ್ತು ಇಂಪೋರ್ಟ್ (ಎರಡು ಫೈಲ್‌ಗಳು ಒಂದನ್ನೊಂದು ಇಂಪೋರ್ಟ್ ಮಾಡುವುದು) ಇರಬಹುದು ಎಂಬ ಊಹೆಯೂ ಇರುತ್ತವೆ. ಆ ಊಹೆ ಇಲ್ಲಿ ದಾರಿ ತಪ್ಪಿಸುತ್ತದೆ. 3.13ರಲ್ಲಿ ಸಂದೇಶ ಸುಧಾರಿಸಿದೆ: ನಿಮ್ಮ ಫೈಲ್ ಸ್ಟ್ಯಾಂಡರ್ಡ್ ಲೈಬ್ರರಿಯ ಮಾಡ್ಯೂಲ್ ಹೆಸರನ್ನೇ ಹೊತ್ತಿದೆ, ಹೆಸರು ಬದಲಿಸಿ ಎಂದು ಅದೇ ನೇರವಾಗಿ ಹೇಳುತ್ತದೆ.

ಪತ್ತೆಗೆ ಒಂದೇ ಸಾಲು:

ಪ್ರಿಂಟ್(ರ್ಯಾಂಡಮ್.__ಫೈಲ್__)

ಯಾವ ಮಾಡ್ಯೂಲ್ ಮೇಲೆ ಅನುಮಾನವಿದೆಯೋ ಅದರ __ಫೈಲ್__ ಪ್ರಿಂಟ್ ಮಾಡಿ. ಈ ಲೇಖನದಿಂದ ಒಂದೇ ಸಾಲು ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಇಂಪೋರ್ಟೇ ಆಗುತ್ತಿಲ್ಲವಾದರೆ ಫೈಲನ್ನು ಓಡಿಸದೆ ವಿಳಾಸ ಮಾತ್ರ ಕೇಳಬಹುದು:

ಇಂಪೋರ್ಟ್ ಇಂಪೋರ್ಟ್‌ಲಿಬ್.ಯುಟಿಲ್
ಪ್ರಿಂಟ್(ಇಂಪೋರ್ಟ್‌ಲಿಬ್.ಯುಟಿಲ್.ಫೈಂಡ್_ಸ್ಪೆಕ್("ರ್ಯಾಂಡಮ್"))

ಹೆಸರಿನ ಗೊಂದಲ ನಿಮ್ಮ ಸಾಲಿನಲ್ಲೇ ಸ್ಫೋಟಿಸಬೇಕೆಂದಿಲ್ಲ. ಫೋಲ್ಡರ್‌ನಲ್ಲಿ ಇಮೇಲ್.ಪೈ ಎಂಬ ಫೈಲಿದ್ದು, ನೀವು ಯುಆರ್‌ಎಲ್‌ಲಿಬ್.ರಿಕ್ವೆಸ್ಟ್ ಇಂಪೋರ್ಟ್ ಮಾಡಿದರೂ ಸಾಕು. ಒಳಗೆಲ್ಲೋ ಅದಕ್ಕೆ ಇಮೇಲ್.ಪಾರ್ಸರ್ ಬೇಕು, ಸಿಗುವುದು ನಿಮ್ಮ ಫೈಲ್. ಆಗ ಬರುವ ಎರರ್‌ನ ಬಾಲದಲ್ಲಿ "ಇಮೇಲ್ ಈಸ್ ನಾಟ್ ಎ ಪ್ಯಾಕೇಜ್" ಎಂದಿರುತ್ತದೆ. ಈ ಬಾಲ ಕಂಡರೆ ಮರುಮಾತಿಲ್ಲ: ಪ್ಯಾಕೇಜ್ ಇರಬೇಕಾದ ಜಾಗದಲ್ಲಿ ಬಿಡಿ ಫೈಲೊಂದು ಕೂತಿದೆ. ಟ್ರೇಸ್‌ಬ್ಯಾಕ್‌ನಲ್ಲಿ ಲೈಬ್ರರಿ ಫೈಲ್‌ಗಳ ನಡುವೆ ನಿಮ್ಮ ಫೋಲ್ಡರಿನ ವಿಳಾಸ ಇಣುಕುತ್ತಿದೆಯೇ ನೋಡಿ.

ಟೋಕನ್, ಕೋಡ್, ಟೈಪ್ಸ್, ಕ್ಯೂ, ಕ್ಯಾಲೆಂಡರ್, ಸ್ಟ್ಯಾಟಿಸ್ಟಿಕ್ಸ್, ಲಾಗಿಂಗ್ ಇವೆಲ್ಲ ಸ್ಟ್ಯಾಂಡರ್ಡ್ ಲೈಬ್ರರಿ ಆಗಲೇ ಬಳಸಿಕೊಂಡಿರುವ ಹೆಸರುಗಳು. 3.10ರಿಂದ ಪೂರ್ತಿ ಪಟ್ಟಿ ಸಿಸ್.ಎಸ್‌ಟಿಡಿಲಿಬ್_ಮಾಡ್ಯೂಲ್_ನೇಮ್ಸ್‌ನಲ್ಲಿ ಸಿಗುತ್ತದೆ. ನೀವು ಬಳಸುವ ಹೊರಗಿನ ಲೈಬ್ರರಿಗಳ ಹೆಸರಿಗೂ ಇದೇ ಎಚ್ಚರ ಬೇಕು. ನಮ್ಪೈ ಕಲಿಯುವವರ ಫೋಲ್ಡರ್‌ನಲ್ಲಿ ನಮ್ಪೈ.ಪೈ ಇರುವುದು ಅಪರೂಪವೇನಲ್ಲ.

ತಲೆಕೆಳಗಾದ ಪ್ರಸಂಗವೂ ಇದೆ. ನೀವು ಸಿಸ್.ಪೈ ಎಂದು ಫೈಲ್ ಮಾಡಿದರೆ ಅದು ಎಂದಿಗೂ ಲೋಡ್ ಆಗುವುದಿಲ್ಲ, ಏಕೆಂದರೆ ಸಿಸ್ ಇಂಟರ್‌ಪ್ರಿಟರ್‌ನೊಳಗೇ ಇದೆ. ಓಎಸ್.ಪೈ ಮಾಡಿದರೂ ಹಾಗೇ, ಪೈಥಾನ್ ಶುರುವಾಗುವಾಗಲೇ ನಿಜವಾದ ಓಎಸ್ ಹಾಜರಿ ಪುಸ್ತಕ ಸೇರಿರುತ್ತದೆ. ಮ್ಯಾಥ್‌ನ ಕತೆ ಇನ್ನೂ ವಿಚಿತ್ರ. ಕೆಲವು ಪೈಥಾನ್ ಬಿಲ್ಡ್‌ಗಳಲ್ಲಿ ಅದು ಒಳಗೆ ಬೆಸೆದಿರುತ್ತದೆ, ಕೆಲವದರಲ್ಲಿ ಬೇರೆ ಫೈಲಾಗಿರುತ್ತದೆ. ಆದ್ದರಿಂದ ಮ್ಯಾಥ್.ಪೈ ಎಂಬ ನಿಮ್ಮ ಫೈಲ್ ಒಂದು ಯಂತ್ರದಲ್ಲಿ ತಣ್ಣಗಿದ್ದು ಇನ್ನೊಂದರಲ್ಲಿ ಕಾಟ ಕೊಡಬಹುದು. ಒಳಗೆ ಬೆಸೆದವು ಯಾವುವೆಂದು ತಿಳಿಯಲು ಸಿಸ್.ಬಿಲ್ಟಿನ್_ಮಾಡ್ಯೂಲ್_ನೇಮ್ಸ್ ನೋಡಿ.

ಹೆಸರು ಬದಲಿಸಿದ ಮೇಲೆ __ಪೈಕ್ಯಾಶ್__ ಫೋಲ್ಡರ್ ಅಳಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದರೊಳಗಿರುವುದು ಕಂಪೈಲ್ ಆದ .ಪೈಸಿ ಫೈಲ್‌ಗಳು. ಪೈಥಾನ್ 3ರಲ್ಲಿ ಮೂಲ ಫೈಲ್ ಇಲ್ಲದಿದ್ದರೆ ಆ ಫೋಲ್ಡರಿನ .ಪೈಸಿಯನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ಬಹುಮಟ್ಟಿಗೆ ಅದು ಸಮಾಧಾನಕ್ಕೆ ಮಾಡುವ ಶಾಂತಿ. ಎರಡು ಸಂದರ್ಭಗಳಲ್ಲಿ ಮಾತ್ರ .ಪೈಸಿ ನಿಜಕ್ಕೂ ತೊಂದರೆ ಕೊಡುತ್ತದೆ. ಒಂದು, ಹಳೆಯ ಕಾಲದ .ಪೈಸಿ ಫೈಲ್ ಪೈಕ್ಯಾಶ್‌ನ ಹೊರಗೆ, ಮೂಲ ಫೈಲಿನ ಪಕ್ಕದಲ್ಲೇ ಉಳಿದಿರುವುದು. ಮೂಲ ಅಳಿಸಿದ ಮೇಲೂ ಅದು ಇಂಪೋರ್ಟ್ ಆಗುತ್ತದೆ. ಎರಡು, ಮೂಲ ಫೈಲಿನ ತಿದ್ದಿದ ಸಮಯವೂ ಗಾತ್ರವೂ ಬದಲಾಗದಂತೆ ಒಳಗಿನ ಕೋಡ್ ಬದಲಾಗಿರುವುದು. ಮಾಮೂಲಿ .ಪೈಸಿ ಹಳೆಯದಾಯಿತೇ ಎಂದು ಪೈಥಾನ್ ಅಳೆಯುವುದು ಈ ಎರಡರಿಂದಲೇ, ಸಮಯವನ್ನು ಸೆಕೆಂಡಿನ ಮಟ್ಟಕ್ಕಷ್ಟೇ ನೋಡುತ್ತದೆ. ಎಲ್ಲ ಫೈಲಿಗೂ ಒಂದೇ ಸಮಯದ ಮುದ್ರೆ ಒತ್ತುವ ಡಿಪ್ಲಾಯ್‌ಮೆಂಟ್ ಸಾಧನಗಳಿದ್ದರೆ ಇದನ್ನು ಗಮನಿಸಿ.

ಹಂತ 4: ಎಲ್ಲಿ ನಿಂತು ಓಡಿಸಿದಿರಿ?

ಸಿಸ್.ಪಾತ್‌ನ ಮೊದಲ ಸ್ಥಾನದಲ್ಲಿ ಏನಿರುತ್ತದೆ ಎಂಬುದಕ್ಕೆ ಮೂರು ಉತ್ತರ. ಪೈಥಾನ್ ಕಡತ.ಪೈ ಎಂದು ಓಡಿಸಿದರೆ ಆ ಫೈಲ್ ಇರುವ ಫೋಲ್ಡರ್, ನೀವು ನಿಂತ ಫೋಲ್ಡರ್ ಅಲ್ಲ. ಪೈಥಾನ್ -ಎಂ ಎಂದು ಓಡಿಸಿದರೆ ನೀವು ನಿಂತ ಫೋಲ್ಡರ್. ಬರಿ ಪೈಥಾನ್ ಎಂದು ಪ್ರಾಂಪ್ಟ್ ತೆರೆದರೆ ಅಥವಾ -ಸಿ ಬಳಸಿದರೆ ಒಂದು ಖಾಲಿ ಸ್ಟ್ರಿಂಗ್, ಅದರ ಅರ್ಥವೂ ಸದ್ಯದ ಫೋಲ್ಡರ್.

ಈಗ ಈ ಪ್ರಾಜೆಕ್ಟ್ ನೋಡಿ. ಮೇಲಿನ ಫೋಲ್ಡರ್ ಯೋಜನೆ. ಅದರೊಳಗೆ ವರದಿ ಎಂಬ ಪ್ಯಾಕೇಜ್. ಅದರೊಳಗೆ __ಇನಿಟ್__.ಪೈ, ಮುಖ್ಯ.ಪೈ, ಓದು.ಪೈ. ಮುಖ್ಯ.ಪೈನಲ್ಲಿ ಹೀಗಿದೆ:

ಫ್ರಮ್ .ಓದು ಇಂಪೋರ್ಟ್ ಸಾಲುಗಳು

ಆ ಚುಕ್ಕಿಯ ಅರ್ಥ "ನಾನಿರುವ ಪ್ಯಾಕೇಜಿನೊಳಗಿನ". ಇದನ್ನು ರಿಲೇಟಿವ್ ಇಂಪೋರ್ಟ್ ಎನ್ನುತ್ತಾರೆ. ಪೈಥಾನ್ ವರದಿ/ಮುಖ್ಯ.ಪೈ ಎಂದು ಓಡಿಸಿದರೆ ಆ ಫೈಲಿಗೆ ತಾನು ಯಾವ ಪ್ಯಾಕೇಜಿನದು ಎಂಬುದೇ ಗೊತ್ತಿರುವುದಿಲ್ಲ, ಅದರ ಹೆಸರು ಆಗ ಬರಿ __ಮೇನ್__. "ನೋ ನೋನ್ ಪೇರೆಂಟ್ ಪ್ಯಾಕೇಜ್" ಎಂಬ ಎರರ್ ಬರುವುದು ಇದಕ್ಕೇ. ಸರಿಯಾದ ಕ್ರಮ, ಯೋಜನೆ ಫೋಲ್ಡರ್‌ನಲ್ಲಿ ನಿಂತು:

ಪೈಥಾನ್ -ಎಂ ವರದಿ.ಮುಖ್ಯ

ಇಲ್ಲಿ ಓರೆಗೆರೆಯ ಬದಲು ಚುಕ್ಕಿ ಬರುತ್ತದೆ, ಕೊನೆಯಲ್ಲಿ .ಪೈ ಇರುವುದಿಲ್ಲ. ವರದಿ ಫೋಲ್ಡರಿನ ಒಳಗೆ ನಿಂತು ಇದನ್ನು ಓಡಿಸಿದರೆ ವರದಿ ಎಂಬ ಮಾಡ್ಯೂಲೇ ಇಲ್ಲ ಎನ್ನುತ್ತದೆ, ಒಂದು ಮೆಟ್ಟಿಲು ಮೇಲೆ ಬನ್ನಿ.

ಬಹಳ ಜನ ಇಲ್ಲಿ ಚುಕ್ಕಿ ಕಿತ್ತುಹಾಕಿ, ಇಲ್ಲವೇ ಫೈಲಿನ ತಲೆಯಲ್ಲಿ ಸಿಸ್.ಪಾತ್.ಅಪೆಂಡ್ ಸೇರಿಸಿ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಆ ಎರರ್ ಹೋಗುತ್ತದೆ, ಆದರೆ ಅದಕ್ಕಿಂತ ಕೆಟ್ಟದ್ದಕ್ಕೆ ಬಾಗಿಲು ತೆರೆಯುತ್ತದೆ. ಯೋಜನೆ ಮತ್ತು ವರದಿ ಎರಡೂ ಫೋಲ್ಡರ್‌ಗಳು ಪಟ್ಟಿಯಲ್ಲಿದ್ದರೆ ಒಂದೇ ಓದು.ಪೈ ಫೈಲ್ ಒಮ್ಮೆ ಓದು ಎಂದೂ ಇನ್ನೊಮ್ಮೆ ವರದಿ.ಓದು ಎಂದೂ ಎರಡು ಸಲ ಲೋಡ್ ಆಗಬಹುದು. ಹಾಜರಿ ಪುಸ್ತಕಕ್ಕೆ ಇವು ಇಬ್ಬರು ಬೇರೆ ವ್ಯಕ್ತಿಗಳು. ಒಂದರ ಕ್ಲಾಸಿನಿಂದ ಹುಟ್ಟಿದ ವಸ್ತು ಇನ್ನೊಂದರ ಈಸ್‌ಇನ್‌ಸ್ಟೆನ್ಸ್ ಪರೀಕ್ಷೆಯಲ್ಲಿ ನಪಾಸಾಗುತ್ತದೆ. ಒಂದರಲ್ಲಿ ಎಸೆದ ಎಕ್ಸೆಪ್ಷನ್ ಇನ್ನೊಂದರ ಹೆಸರಿನ ಎಕ್ಸೆಪ್ಟ್‌ಗೆ ಸಿಕ್ಕಿಬೀಳುವುದಿಲ್ಲ. ಎರಡು ಕ್ಲಾಸ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೂ ಒಂದೇ ಥರ ಕಾಣುವುದರಿಂದ ಈ ದೋಷ ಇಡೀ ದಿನ ತಿನ್ನಬಲ್ಲದು. ಅನುಮಾನ ಬಂದರೆ ಕ್ಲಾಸ್‌ನ __ಮಾಡ್ಯೂಲ್__ ಎರಡೂ ಕಡೆ ಪ್ರಿಂಟ್ ಮಾಡಿ.

ಪ್ರಾಜೆಕ್ಟ್ ನಾಲ್ಕೈದು ಫೈಲ್ ದಾಟಿದರೆ ಅದನ್ನು ಎಡಿಟಬಲ್ ಆಗಿ ಇನ್‌ಸ್ಟಾಲ್ ಮಾಡುವುದು ಶಾಶ್ವತ ಪರಿಹಾರ. ಯೋಜನೆಯೊಳಗೆ ಎಸ್‌ಆರ್‌ಸಿ ಎಂಬ ಫೋಲ್ಡರ್ ಮಾಡಿ ವರದಿ ಪ್ಯಾಕೇಜನ್ನು ಅದರೊಳಗೆ ಸರಿಸಿ. ಯೋಜನೆಯ ಬುಡದಲ್ಲಿ ಪೈಪ್ರಾಜೆಕ್ಟ್.ಟಾಮೆಲ್ ಫೈಲಿಟ್ಟು, ಪ್ರಾಜೆಕ್ಟ್ ವಿಭಾಗದಲ್ಲಿ ನೇಮ್ ಮತ್ತು ವರ್ಷನ್ ಬರೆಯಿರಿ. ಆಮೇಲೆ:

ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ -ಇ .

ಪಿಪ್ 21.3 ಅಥವಾ ಅದರ ಮುಂದಿನದು ಇದ್ದರೆ ಇಷ್ಟೇ ಸಾಕು. ಇನ್ನು ಯಾವ ಫೋಲ್ಡರ್‌ನಲ್ಲಿ ನಿಂತರೂ ಇಂಪೋರ್ಟ್ ವರದಿ ನಡೆಯುತ್ತದೆ, ಕೋಡ್ ತಿದ್ದಿದಾಗ ಮತ್ತೆ ಇನ್‌ಸ್ಟಾಲ್ ಮಾಡಬೇಕಿಲ್ಲ.

ಎಡಿಟರ್‌ನಲ್ಲಿ ಓಡಿ ಟರ್ಮಿನಲ್‌ನಲ್ಲಿ ಓಡದಿರುವುದಕ್ಕೂ ಮೂಲ ಇದೇ. ಪೈಚಾರ್ಮ್‌ನಂಥ ಎಡಿಟರ್‌ಗಳು ಪ್ರಾಜೆಕ್ಟ್ ಫೋಲ್ಡರನ್ನು ತಾವೇ ಪಟ್ಟಿಗೆ ಸೇರಿಸುತ್ತವೆ, ಟರ್ಮಿನಲ್ ಸೇರಿಸುವುದಿಲ್ಲ. ಟೆಸ್ಟ್‌ಗಳನ್ನು ಓಡಿಸುವ ಪೈಟೆಸ್ಟ್‌ನಲ್ಲೂ ಅಷ್ಟೆ: ಪೈಥಾನ್ -ಎಂ ಪೈಟೆಸ್ಟ್ ಎಂದರೆ ಸದ್ಯದ ಫೋಲ್ಡರ್ ಪಟ್ಟಿಗೆ ಸೇರುತ್ತದೆ, ಬರಿ ಪೈಟೆಸ್ಟ್ ಎಂದರೆ ಸೇರುವುದಿಲ್ಲ.

ಹಂತ 5: ಫೋಲ್ಡರ್, __ಇನಿಟ್__.ಪೈ, ಸಬ್‌ಮಾಡ್ಯೂಲ್

ಪೈಥಾನ್ 3.3ರಿಂದ __ಇನಿಟ್__.ಪೈ ಇಲ್ಲದ ಫೋಲ್ಡರ್ ಕೂಡ ಇಂಪೋರ್ಟ್ ಆಗುತ್ತದೆ, ನೇಮ್‌ಸ್ಪೇಸ್ ಪ್ಯಾಕೇಜ್ ಎಂಬ ಹೆಸರಿನಲ್ಲಿ. ಒಂದೇ ಪ್ಯಾಕೇಜನ್ನು ಹಲವು ಫೋಲ್ಡರ್‌ಗಳಲ್ಲಿ ಹಂಚಿಡುವವರಿಗೆ ಮಾಡಿದ ಸೌಲಭ್ಯ ಇದು. ಉಳಿದವರಿಗೆ ಇದು ಬಲೆ. ಖಾಲಿ ಫೋಲ್ಡರ್ ಕೂಡ ತಕರಾರಿಲ್ಲದೆ ಇಂಪೋರ್ಟ್ ಆಗಿ, ಎರರ್ ಮುಂದೆಲ್ಲೋ ಆಟ್ರಿಬ್ಯೂಟ್ ಇಲ್ಲ ಎಂದು ಬರುತ್ತದೆ. ಗುರುತು ಸುಲಭ: ಇಂಥ ಪ್ಯಾಕೇಜಿನ __ಫೈಲ್__ ಕೇಳಿದರೆ ನನ್ (ಏನೂ ಇಲ್ಲ ಎಂಬ ಬೆಲೆ) ಎಂದು ಬರುತ್ತದೆ. ಸಮಾಧಾನದ ಸಂಗತಿಯೆಂದರೆ ಇದಕ್ಕೆ ಕೊನೆಯ ಆದ್ಯತೆ. ಪಟ್ಟಿಯಲ್ಲಿ ಹಿಂದೆಲ್ಲಾದರೂ ಅದೇ ಹೆಸರಿನ ನಿಜವಾದ ಪ್ಯಾಕೇಜ್ ಅಥವಾ .ಪೈ ಫೈಲ್ ಸಿಕ್ಕರೆ ಅದೇ ಗೆಲ್ಲುತ್ತದೆ. ಒಂದೇ ಫೋಲ್ಡರ್‌ನಲ್ಲಿ ಓದು.ಪೈ ಫೈಲೂ, __ಇನಿಟ್__.ಪೈ ಇರುವ ಓದು ಫೋಲ್ಡರೂ ಇದ್ದರೆ ಗೆಲ್ಲುವುದು ಫೋಲ್ಡರ್. ಖಾಲಿಯಾದರೂ ಸರಿ, ನಿಮ್ಮ ಪ್ರತಿ ಪ್ಯಾಕೇಜ್ ಫೋಲ್ಡರ್‌ನಲ್ಲೂ ಒಂದು __ಇನಿಟ್__.ಪೈ ಇಡಿ.

ಪ್ಯಾಕೇಜ್ ಇಂಪೋರ್ಟ್ ಮಾಡಿದರೆ ಅದರ ಒಳಗಿನ ಮಾಡ್ಯೂಲ್‌ಗಳೂ ತಾವಾಗಿ ಬರುತ್ತವೆ ಎಂಬುದು ತಪ್ಪು ಕಲ್ಪನೆ. ಇಂಪೋರ್ಟ್ ಎಕ್ಸ್‌ಎಂಎಲ್ ಎಂದಷ್ಟೇ ಬರೆದು ಎಕ್ಸ್‌ಎಂಎಲ್.ಈಟ್ರೀ ಕೇಳಿದರೆ ಇಲ್ಲ ಎನ್ನುತ್ತದೆ. ಆದರೆ ಪ್ರೋಗ್ರಾಂನ ಇನ್ನೊಂದು ಮೂಲೆಯಲ್ಲಿ ಬೇರೆ ಲೈಬ್ರರಿಯೊಂದು ಈಟ್ರೀ ಇಂಪೋರ್ಟ್ ಮಾಡಿದ್ದರೆ ಅದೇ ಸಾಲು ಓಡುತ್ತದೆ! ನಿನ್ನೆ ಓಡಿದ್ದು ಇವತ್ತು ನಿಂತಿದ್ದಕ್ಕೆ ಇದೊಂದು ಕಾರಣ: ಆ ಲೈಬ್ರರಿಯ ಹೊಸ ಆವೃತ್ತಿ ತನ್ನ ಇಂಪೋರ್ಟ್ ತೆಗೆದಿರುತ್ತದೆ. ಬೇಕಾದ ಸಬ್‌ಮಾಡ್ಯೂಲನ್ನು ಪೂರ್ತಿ ಹೆಸರಿನಲ್ಲಿ ನೀವೇ ಇಂಪೋರ್ಟ್ ಮಾಡಿ.

ಮಾಡ್ಯೂಲಿಗೂ ಅದರೊಳಗಿನ ಫಂಕ್ಷನ್‌ಗೂ ಒಂದೇ ಹೆಸರಿಡುವ ಚಾಳಿ ಬಿಡಿ. __ಇನಿಟ್__.ಪೈನಲ್ಲಿ ಫ್ರಮ್ .ಓದು ಇಂಪೋರ್ಟ್ ಓದು ಎಂದು ಬರೆದರೆ ಮೊದಲು ವರದಿ.ಓದು ಎಂಬುದು ಮಾಡ್ಯೂಲ್ ಆಗಿ, ಮರುಕ್ಷಣವೇ ಫಂಕ್ಷನ್ ಆಗುತ್ತದೆ. ಆಮೇಲೆ ಇಂಪೋರ್ಟ್ ವರದಿ.ಓದು ಆ್ಯಸ್ ಓ ಎಂದವರ ಕೈಗೆ ಮಾಡ್ಯೂಲ್ ಬದಲು ಫಂಕ್ಷನ್ ಬರುತ್ತದೆ.

ಅಕ್ಷರದ ದೊಡ್ಡದು ಚಿಕ್ಕದು ಕೂಡ ನೋಡಿ. ವಿಂಡೋಸ್ ಮತ್ತು ಮ್ಯಾಕ್‌ನ ಸಾಮಾನ್ಯ ಫೈಲ್ ವ್ಯವಸ್ಥೆಗೆ ಆ ಭೇದವಿಲ್ಲ, ಲಿನಕ್ಸ್‌ಗೆ ಇದೆ. ಪೈಥಾನ್ ಎಲ್ಲ ಕಡೆಯೂ ಭೇದ ಮಾಡುತ್ತದೆ. ನಿಮ್ಮ ಯಂತ್ರದಲ್ಲಿ ದೊಡ್ಡಕ್ಷರ ಚಿಕ್ಕದಾಗಿಸಿದ ಬದಲಾವಣೆ ಗಿಟ್‌ನಲ್ಲಿ ದಾಖಲಾಗದೆ ಉಳಿದು, ಲಿನಕ್ಸ್ ಸರ್ವರ್‌ನಲ್ಲಿ ಮಾತ್ರ ಮಾಡ್ಯೂಲ್ ಕಾಣೆಯಾಗುವುದುಂಟು. ಹೆಸರು ಬದಲಿಸಲು ಗಿಟ್ ಎಂವಿ ಬಳಸಿ.

ಹಂತ 6: ಸುತ್ತು ಇಂಪೋರ್ಟ್ ಬಿಡಿಸುವುದು

ಗ್ರಾಹಕ.ಪೈನ ಮೊದಲ ಸಾಲು ಫ್ರಮ್ ಆದೇಶ ಇಂಪೋರ್ಟ್ ಪಟ್ಟಿ. ಆದೇಶ.ಪೈನ ಮೊದಲ ಸಾಲು ಫ್ರಮ್ ಗ್ರಾಹಕ ಇಂಪೋರ್ಟ್ ಹೆಸರು. ಬೇರೆ ಫೈಲಿನಿಂದ ಇಂಪೋರ್ಟ್ ಗ್ರಾಹಕ ಎಂದಾಗ, ಗ್ರಾಹಕ ಹಾಜರಿ ಪುಸ್ತಕ ಸೇರುತ್ತದೆ, ಓಡಲು ಶುರುವಾಗುತ್ತದೆ, ಮೊದಲ ಸಾಲಿನಲ್ಲೇ ಆದೇಶದ ಕಡೆ ಹೋಗುತ್ತದೆ. ಆದೇಶ ತನ್ನ ಮೊದಲ ಸಾಲಿನಲ್ಲಿ ಗ್ರಾಹಕನನ್ನು ಕೇಳುತ್ತದೆ. ಹಾಜರಿ ಪುಸ್ತಕದಲ್ಲಿ ಗ್ರಾಹಕ ಇದೆ, ಆದರೆ ಅದರ ಹೊಟ್ಟೆ ಇನ್ನೂ ಖಾಲಿ. ಹೆಸರು ಎಂಬುದು ಅಲ್ಲಿ ಹುಟ್ಟಿಯೇ ಇಲ್ಲ. "ಕೆನಾಟ್ ಇಂಪೋರ್ಟ್ ನೇಮ್" ಎಂಬ ಇಂಪೋರ್ಟ್‌ಎರರ್ ಬರುತ್ತದೆ.

ಗೊಂದಲ ಹೆಚ್ಚಿಸುವ ಸಂಗತಿ ಎರಡು. ಗ್ರಾಹಕ.ಪೈಯನ್ನೇ ನೇರವಾಗಿ ಓಡಿಸಿದರೆ ಎರರ್ ತಿರುಗುಮುರುಗಾಗಿ, ಆದೇಶದಲ್ಲಿ ಪಟ್ಟಿ ಇಲ್ಲ ಎಂದು ಹೇಳುತ್ತದೆ. ಏಕೆಂದರೆ ನೇರ ಓಡಿದ ಫೈಲಿನ ಹೆಸರು __ಮೇನ್__. ಆದೇಶ ಗ್ರಾಹಕ ಎಂದು ಕೇಳಿದಾಗ ಅದೇ ಫೈಲ್ ಎರಡನೇ ಸಲ ಲೋಡ್ ಆಗಿ, ಅರ್ಧ ಓಡಿದ ಆದೇಶವನ್ನು ಕೇಳುತ್ತದೆ. ಇನ್ನೊಂದು, ಒಂದು ಕಡೆ ಫ್ರಮ್ ಇದ್ದು ಇನ್ನೊಂದು ಕಡೆ ಬರಿ ಇಂಪೋರ್ಟ್ ಇದ್ದರೆ ಯಾರನ್ನು ಮೊದಲು ಕರೆದಿರಿ ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. ಇಂಪೋರ್ಟ್ ಸಾಲುಗಳನ್ನು ಅಕಾರಾದಿಯಾಗಿ ಜೋಡಿಸುವ ಸಾಧನ ಓಡಿಸಿದ ಕೂಡಲೇ ಪ್ರೋಗ್ರಾಂ ಮುರಿದರೆ ಬಹುಶಃ ಇದೇ.

ಬಿಡಿಸುವ ದಾರಿಗಳನ್ನು ನನ್ನ ಆಯ್ಕೆಯ ಕ್ರಮದಲ್ಲೇ ಹೇಳುತ್ತೇನೆ. ಇಬ್ಬರಿಗೂ ಬೇಕಾದದ್ದನ್ನು ಮೂರನೇ ಫೈಲಿಗೆ ಎತ್ತಿಡಿ, ಇದೇ ನಿಜವಾದ ಚಿಕಿತ್ಸೆ. ಅದಾಗದಿದ್ದರೆ ಫ್ರಮ್ ಬಿಟ್ಟು ಎರಡೂ ಕಡೆ ಇಂಪೋರ್ಟ್ ಗ್ರಾಹಕ, ಇಂಪೋರ್ಟ್ ಆದೇಶ ಎಂದು ಬರೆದು, ಫಂಕ್ಷನ್‌ಗಳ ಒಳಗೆ ಗ್ರಾಹಕ.ಹೆಸರು ಎಂದು ಬಳಸಿ. ಫಂಕ್ಷನ್ ಓಡುವ ಹೊತ್ತಿಗೆ ಎರಡೂ ತುಂಬಿರುತ್ತವೆ. ಆದರೆ ಇನ್ನೊಂದರ ಕ್ಲಾಸನ್ನು ತಾಯಿ ಕ್ಲಾಸಾಗಿ ಬಳಸುತ್ತಿದ್ದರೆ ಇದು ನಡೆಯದು, ಆ ಸಾಲು ಲೋಡ್ ಆಗುವಾಗಲೇ ಓಡಬೇಕು. ಇಂಪೋರ್ಟ್ ಸಾಲನ್ನು ಫಂಕ್ಷನ್‌ನ ಒಳಗಿಡುವುದು ಮೂರನೆಯದು, ತುರ್ತಿಗೆ ಸರಿ. ಟೈಪ್ ಸೂಚನೆಗಷ್ಟೇ ಬೇಕಾದ ಇಂಪೋರ್ಟ್ ಆದರೆ ಟೈಪಿಂಗ್.ಟೈಪ್_ಚೆಕಿಂಗ್ ಎಂಬ ಇಫ್‌ನ ಕೆಳಗಿಟ್ಟು, ಫೈಲಿನ ತಲೆಯಲ್ಲಿ ಫ್ರಮ್ __ಫ್ಯೂಚರ್__ ಇಂಪೋರ್ಟ್ ಅನೋಟೇಷನ್ಸ್ ಬರೆಯಿರಿ.

ಹಂತ 7: ಓಡಿದ್ದು ಎಷ್ಟು ಸಲ?

ಒಂದೇ ಹೆಸರಿನಲ್ಲಿ ಹತ್ತು ಕಡೆ ಇಂಪೋರ್ಟ್ ಮಾಡಿದರೂ ಫೈಲ್ ಓಡುವುದು ಒಂದೇ ಸಲ. ನೋಟ್‌ಬುಕ್‌ನಲ್ಲಿ ತಿದ್ದಿದ ಕೋಡ್ ಬಾರದಿರುವುದು ಇದಕ್ಕೇ. ಇಂಪೋರ್ಟ್‌ಲಿಬ್.ರಿಲೋಡ್ ಎಂದರೆ ಫೈಲ್ ಮತ್ತೆ ಓಡುತ್ತದೆ, ಆದರೆ ಮೂರು ಹಳೆಯವು ಉಳಿಯುತ್ತವೆ: ಫ್ರಮ್‌ನಿಂದ ಮೊದಲೇ ತಂದಿಟ್ಟ ಹೆಸರುಗಳು, ಹಳೆಯ ಕ್ಲಾಸಿನಿಂದ ಹುಟ್ಟಿದ ವಸ್ತುಗಳು, ಮತ್ತು ನೀವು ಫೈಲಿನಿಂದ ಅಳಿಸಿದ ಫಂಕ್ಷನ್‌ಗಳು. ನೋಟ್‌ಬುಕ್‌ನಲ್ಲಿ %ಲೋಡ್_ಎಕ್ಸ್‌ಟಿ ಆಟೋರಿಲೋಡ್, ಆಮೇಲೆ %ಆಟೋರಿಲೋಡ್ 2 ಎಂದರೆ ಸಾಕಷ್ಟು ನೆಮ್ಮದಿ. ವಿಚಿತ್ರವಾಗಿ ವರ್ತಿಸಿದರೆ ಕರ್ನೆಲ್ ಮರುಪ್ರಾರಂಭಿಸಿ.

ಫ್ರಮ್ ಬಗ್ಗೆ ಇನ್ನೊಂದು ಮಾತು. ಫ್ರಮ್ ಸೆಟ್ಟಿಂಗ್ ಇಂಪೋರ್ಟ್ ಡೀಬಗ್ ಎಂದರೆ ಆ ಕ್ಷಣದ ಬೆಲೆಗೆ ನಿಮ್ಮ ಫೈಲಿನಲ್ಲಿ ಹೊಸ ಹೆಸರು ಅಂಟುತ್ತದೆ. ಆಮೇಲೆ ಯಾರೋ ಸೆಟ್ಟಿಂಗ್.ಡೀಬಗ್ ಬದಲಿಸಿದರೆ ನಿಮಗೆ ಗೊತ್ತಾಗುವುದಿಲ್ಲ. ಬದಲಾಗುವ ಬೆಲೆಗಳಿಗೆ ಇಂಪೋರ್ಟ್ ಸೆಟ್ಟಿಂಗ್ ಎಂದು ಬರೆದು ಪ್ರತಿ ಸಲ ಸೆಟ್ಟಿಂಗ್.ಡೀಬಗ್ ಎಂದೇ ಕೇಳಿ. ಟೆಸ್ಟ್‌ಗಳಲ್ಲಿ ಮಾಕ್ ಮಾಡುವಾಗ, ಅಂದರೆ ನಿಜವಾದದ್ದರ ಜಾಗದಲ್ಲಿ ನಕಲಿಯನ್ನು ಕೂರಿಸುವಾಗ, ಹೆಸರು ಹುಟ್ಟಿದ ಜಾಗದ ಬದಲು ಬಳಸುವ ಜಾಗದಲ್ಲಿ ಪ್ಯಾಚ್ ಮಾಡಬೇಕು ಎನ್ನುವುದಕ್ಕೂ ಇದೇ ಕಾರಣ.

ಮಲ್ಟಿಪ್ರೊಸೆಸಿಂಗ್ (ಕೆಲಸವನ್ನು ಹಲವು ಪ್ರೊಸೆಸ್‌ಗಳಿಗೆ ಹಂಚುವ ಮಾಡ್ಯೂಲ್) ಬಳಸುವವರು ಇಫ್ __ನೇಮ್__ == "__ಮೇನ್__" ಎಂಬ ಕಾವಲು ಮರೆಯಬಾರದು. ವಿಂಡೋಸ್‌ನಲ್ಲಿ ಮೊದಲಿನಿಂದಲೂ, ಮ್ಯಾಕ್‌ನಲ್ಲಿ 3.8ರಿಂದಲೂ ಹೊಸ ಪ್ರೊಸೆಸ್ ನಿಮ್ಮ ಮುಖ್ಯ ಫೈಲನ್ನು ಮತ್ತೆ ಇಂಪೋರ್ಟ್ ಮಾಡುತ್ತದೆ. ಕಾವಲಿಲ್ಲದಿದ್ದರೆ ಅದು ತಾನೂ ಪ್ರೊಸೆಸ್ ಹುಟ್ಟಿಸಲು ಹೋಗಿ ರನ್‌ಟೈಮ್‌ಎರರ್ ಬೀಳುತ್ತದೆ. ಲಿನಕ್ಸ್‌ನ ಡೀಫಾಲ್ಟ್ ಕ್ರಮವೂ 3.14ರಲ್ಲಿ ಫೋರ್ಕ್‌ಸರ್ವರ್‌ಗೆ ಬದಲಾಗಿದೆ, ಹಾಗಾಗಿ ಅಲ್ಲಿ ಇಷ್ಟು ದಿನ ನಡೆದದ್ದು ಇನ್ನು ನಡೆಯುತ್ತದೆಂಬ ಭರವಸೆ ಬೇಡ.

ಹಂತ 8: ಸದ್ದಿಲ್ಲದೆ ಕೆಡಿಸುವ ಎರಡು ಸಾಲು

ಫ್ರಮ್ ಓಎಸ್ ಇಂಪೋರ್ಟ್ * ಎಂದು ಬರೆದು, ಕೆಳಗೆ ಓಪನ್("ಕಡತ", "ಆರ್") ಎಂದು ಫೈಲ್ ತೆರೆದು ನೋಡಿ. ಎರಡನೇ ಆರ್ಗ್ಯುಮೆಂಟ್ ಪೂರ್ಣಾಂಕವಾಗಿರಬೇಕು ಎಂದು ಟೈಪ್‌ಎರರ್ ಬರುತ್ತದೆ. ನಕ್ಷತ್ರ ಚಿಹ್ನೆ ಓಎಸ್‌ನ ಓಪನ್ ಅನ್ನೂ ಎಳೆದುತಂದು ಮಾಮೂಲಿ ಓಪನ್ ಮೇಲೆ ಕೂರಿಸಿತು. ಪ್ರಾಂಪ್ಟ್‌ನ ಹೊರಗೆ ನಕ್ಷತ್ರಕ್ಕೆ ಜಾಗವಿಲ್ಲ.

ಎರಡನೆಯದು ಟ್ರೈ, ಎಕ್ಸೆಪ್ಟ್ ಇಂಪೋರ್ಟ್‌ಎರರ್. ವೇಗದ ಲೈಬ್ರರಿ ಇದ್ದರೆ ಬಳಸು, ಇಲ್ಲದಿದ್ದರೆ ನಿಧಾನದ್ದು ಎಂಬ ಉದ್ದೇಶಕ್ಕೆ ಬರೆಯುತ್ತಾರೆ. ಆದರೆ ಲೈಬ್ರರಿ ಇದ್ದೂ ಅದರೊಳಗಿನ ಇನ್ನಾವುದೋ ಇಂಪೋರ್ಟ್ ಮುರಿದಿದ್ದರೆ ಅದನ್ನೂ ಇದು ನುಂಗುತ್ತದೆ. ಬದಲಿಗೆ ಮಾಡ್ಯೂಲ್‌ನಾಟ್‌ಫೌಂಡ್‌ಎರರ್ ಹಿಡಿದು, ಅದರ .ನೇಮ್ ನೀವು ಕೇಳಿದ ಲೈಬ್ರರಿಯದ್ದೇ ಎಂದು ಪರೀಕ್ಷಿಸಿ, ಅಲ್ಲದಿದ್ದರೆ ರೇಸ್ ಎಂದು ಮತ್ತೆ ಮೇಲಕ್ಕೆ ಎಸೆಯಿರಿ.

ಹಂತ 9: ಇಷ್ಟಕ್ಕೂ ಬಗ್ಗದಿದ್ದರೆ

ಪೈಥಾನ್ -ವಿ ಕಡತ.ಪೈ ಎಂದು ಓಡಿಸಿ. ಪ್ರತಿ ಮಾಡ್ಯೂಲ್ ಎಲ್ಲಿಂದ ಬಂತು ಎಂದು ಸಾಲುಸಾಲಾಗಿ ಉಗುಳುತ್ತದೆ. ಇದೆಲ್ಲ ಎರರ್ ಹರಿವಿಗೆ ಹೋಗುವುದರಿಂದ 2> ಪತ್ತೆ.ಟಿಎಕ್ಸ್‌ಟಿ ಎಂದು ಕೊನೆಗೆ ಸೇರಿಸಿ ಫೈಲಿಗೆ ಹಿಡಿದಿಟ್ಟು, ಅನುಮಾನದ ಹೆಸರನ್ನು ಅದರಲ್ಲಿ ಹುಡುಕಿ. ಇಂಪೋರ್ಟ್ ಆಗುತ್ತದೆ ಆದರೆ ತುಂಬ ಹೊತ್ತು ಹಿಡಿಯುತ್ತದೆ ಎನ್ನುವುದಾದರೆ ಪೈಥಾನ್ -ಎಕ್ಸ್ ಇಂಪೋರ್ಟ್‌ಟೈಮ್ ಕಡತ.ಪೈ. ಇದರಲ್ಲಿ ಎಕ್ಸ್ ದೊಡ್ಡಕ್ಷರ, ಸಮಯ ಮೈಕ್ರೋಸೆಕೆಂಡ್‌ಗಳಲ್ಲಿ, ಮೊದಲ ಅಂಕಣ ಆ ಮಾಡ್ಯೂಲ್ ಒಂದರದ್ದು, ಎರಡನೆಯದು ಅದು ಕರೆತಂದವರನ್ನೂ ಸೇರಿಸಿದ್ದು.

ನಿಮ್ಮ ಫೋಲ್ಡರಿನ ಯಾವುದೋ ಫೈಲೇ ಅಡ್ಡ ಬರುತ್ತಿದೆಯೇ ಎಂದು ಒಂದೇ ಏಟಿಗೆ ತಿಳಿಯಬೇಕಾದರೆ, 3.11ರಿಂದ ಪೈಥಾನ್ -ಪಿ ಕಡತ.ಪೈ ಇದೆ, ಇದೂ ದೊಡ್ಡಕ್ಷರದ ಪಿ. ಅದು ಸ್ಕ್ರಿಪ್ಟ್ ಫೋಲ್ಡರನ್ನು ಸಿಸ್.ಪಾತ್‌ಗೆ ಸೇರಿಸದೆ ಓಡಿಸುತ್ತದೆ. ಹೀಗೆ ಓಡಿಸಿದಾಗ ಹಳೆಯ ಎರರ್ ಮಾಯವಾದರೆ ಹಂತ 3ಕ್ಕೆ ಮರಳಿ ಹೋಗಿ, ಫೋಲ್ಡರ್‌ನ ಫೈಲ್ ಹೆಸರುಗಳನ್ನು ಒಂದೊಂದಾಗಿ ನೋಡಿ. ನಿಮ್ಮದೇ ಮಾಡ್ಯೂಲ್‌ಗಳು ಸಿಗಲಿಲ್ಲ ಎಂಬ ಹೊಸ ಎರರ್ ಬಂದರೆ ಗಾಬರಿ ಬೇಡ, ಆ ಫೋಲ್ಡರನ್ನು ಪಟ್ಟಿಯಿಂದ ತೆಗೆದದ್ದು ನೀವೇ.